ಪ್ಲಗ್ಗು ತೆಗೆದ ಕೈ

ನೂಲಿನ ಗಿರಣಿಯ ಜನ ಅವನನ್ನು ಪ್ಲಗ್ಗು ಮೇಸ್ತ್ರಿ ಎಂದು ಕರೆಯುತ್ತಿದ್ದರು, ಅದೂ ಬೆನ್ನ ಹಿಂದೆ. ಎದುರಿಗೆ ಹಾಗೆ ಕರೆಯುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಹತ್ತಿ ಬಿಡಿಸುವ ವಿಭಾಗದಲ್ಲಿ ಗಾಳಿಗಿಂತ ಹತ್ತಿಯ ಧೂಳೇ ಹೆಚ್ಚು. ಮೋಟಾರಿನ ಮೇಲೆ, ತೊಲೆಯ ಮೇಲೆ, ಜನರ ಹುಬ್ಬಿನ ಮೇಲೆ ಬಂದು ಕೂರುತ್ತಿತ್ತು. ಅವನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಾರೋ ಒಬ್ಬ ಕೈದೀಪದ ಪ್ಲಗ್ಗನ್ನು ಗೋಡೆಯಲ್ಲೇ ಬಿಟ್ಟು ಊಟಕ್ಕೆ ಹೋಗಿದ್ದ. ಅದರ ಬಿಸಿಗೆ ಹತ್ತಿ ಹೊತ್ತಿಕೊಂಡು, ಪಕ್ಕದಲ್ಲಿ ಒರಗಿದ್ದ ಕೂಲಿಯವನೊಬ್ಬ ಎಲ್ಲರ ಕಣ್ಣೆದುರೇ ಸುಟ್ಟುಹೋದ. ಮುಂದೆ ಇವನು ಮೇಸ್ತ್ರಿಯಾದಾಗ ಮಾಡಿದ ಮೊದಲ ಕಟ್ಟಳೆಯೇ ಅದು: ಮೆಷಿನ್ ಬಿಟ್ಟು ಕದಲುವವನು ಗೋಡೆಯಲ್ಲಿ ಪ್ಲಗ್ಗು ಬಿಡಬಾರದು. ಬಿಟ್ಟವನನ್ನು ಶಿಫ್ಟು ಮುಗಿಯುವವರೆಗೆ ಆ ಗೋಡೆಯ ಹತ್ತಿರವೇ, ತೆಗೆದ ಪ್ಲಗ್ಗನ್ನು ಕೈಯಲ್ಲಿ ಹಿಡಿಸಿ ನಿಲ್ಲಿಸುತ್ತಿದ್ದ.

ಬೆಂಕಿಯ ಬಗ್ಗೆ ಇಷ್ಟು ಕಾಳಜಿ ಇದ್ದವನಿಗೆ ಧೂಳಿನ ಬಗ್ಗೆ ಒಂದಿಷ್ಟಾದರೂ ಇರಬಾರದಿತ್ತೇ? ಇರಲಿಲ್ಲ. ಗಾಳಿ ಬಂದರೆ ಎಳೆ ಕಡಿಯುತ್ತದೆಂದು ಕಿಟಕಿಗಳಿಗೆ ಮೊಳೆ ಹೊಡೆಸಿದ್ದ. ಕೆಮ್ಮುವವರಿಗೆ ಹೊರಗೆ ಹೋಗಿ ಕೆಮ್ಮಲು ಹೇಳುತ್ತಿದ್ದ, ಹೋದವರು ತಿರುಗಿ ಬರುವುದು ಬೇಡವೆಂದೂ ಹೇಳುತ್ತಿದ್ದ. ಆದರೆ ಆ ಧೂಳಿಗೆ ಕೂಲಿ ಯಾರು ಮೇಸ್ತ್ರಿ ಯಾರು ಎಂಬ ಭೇದವಿರಲಿಲ್ಲ. ಅದು ಅವನ ಎದೆಯಲ್ಲೂ ನಿಧಾನವಾಗಿ ಮನೆ ಮಾಡುತ್ತಿತ್ತು.

ಈ ಕಥೆ ಅವನ ಹೆಂಡತಿಯದು. ಮದುವೆಯಾಗಿ ಬಂದಾಗ ಆಕೆ ನಗುವ ಹುಡುಗಿ; ಮಾತಿಗೆ ಮಾತು ಕೂಡಿಸಿ ಇಡೀ ಓಣಿಯನ್ನು ನಗಿಸುತ್ತಿದ್ದಳು. ಗಂಡ ಗಿರಣಿಯ ಕಟ್ಟಳೆಯನ್ನು ಊಟದ ಡಬ್ಬಿಯ ಜೊತೆ ದಿನಾ ಮನೆಗೂ ತಂದ. ಮಹಡಿಯ ಮೇಲಿನ ಎರಡು ಕೋಣೆಯ ಮನೆ. ಇಸ್ತ್ರಿಪೆಟ್ಟಿಗೆ, ರೇಡಿಯೋ, ಮೇಜಿನ ದೀಪ, ಆಮೇಲೆ ಬಂದ ಟಿವಿ, ಫ್ರಿಜ್ಜು, ಯಾವುದರ ಪ್ಲಗ್ಗೂ ಯಾರೂ ಇಲ್ಲದಾಗ ಗೋಡೆಯಲ್ಲಿ ಇರುವಂತಿಲ್ಲ. ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗು ಹೊರಗೆ ಬರಬೇಕು, ತಂತಿಯನ್ನು ಸುತ್ತಿ ನೆಲದ ಮೇಲಿಡಬೇಕು. ಫ್ರಿಜ್ಜಿನೊಳಗೆ ಹಾಲು ಒಡೆದರೆ ಆಕೆಯ ಬೇಜವಾಬ್ದಾರಿ, ಪ್ಲಗ್ಗು ಮರೆತರೂ ಆಕೆಯದೇ. ಮಕ್ಕಳಾಗಲಿಲ್ಲ. ಅದಕ್ಕೂ, ಇವಳ ಒಳಗೇ ಯಾವುದೋ ಸ್ವಿಚ್ಚು ಕೆಟ್ಟಿದೆ ಎಂದು ನೆಂಟರ ಮುಂದೆ ಹೇಳಿ ನಕ್ಕಿದ್ದ. ಆಕೆಯೂ ಅವರ ಜೊತೆ ನಕ್ಕು ಒಳಗೆ ಹೋಗಿ ಪಾತ್ರೆ ತೊಳೆದಿದ್ದಳು.

ಆಕೆಯ ತಾಯಿ ಹಾಸಿಗೆ ಹಿಡಿದು, ಇನ್ನು ಹೆಚ್ಚು ಹೊತ್ತಿಲ್ಲ ಎಂದು ಹೇಳಿಕಳಿಸಿದ ದಿನ ಗಂಡಹೆಂಡಿರು ಓಡೋಡಿ ಬಸ್‌ಸ್ಟ್ಯಾಂಡಿಗೆ ಬಂದರು. ಬಸ್ಸು ನಿಂತಿತ್ತು. ಆಕೆ ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟೂ ಆಗಿತ್ತು. ಆಗ ಹಿಂದಿನಿಂದ ಮೇಸ್ತ್ರಿ ಕೇಳಿದ, ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ತೆಗೆದಿದ್ದಾಳೋ ಇಲ್ಲವೋ ಎಂದು. ತೆಗೆದೆ ಅನ್ಸುತ್ತೆ ಎಂದಳು.

"ಅನ್ಸುತ್ತೆ ಅಂದ್ರೇನು? ತೆಗೆದ್ಯೋ ಇಲ್ವೋ? ಹೋಗಿ ನೋಡ್ಕೊಂಡು ಬಾ."

ಆಕೆ ಬೇಡಿಕೊಂಡಳು. ಕಂಡಕ್ಟರನೂ ಪಾಪ, ಅಮ್ಮ ಹತ್ತಿಕೊಳ್ಳಲಿ ಸ್ವಾಮಿ ಎಂದ. ಮೇಸ್ತ್ರಿ ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಮನೆಗೆ ಓಡಿದಳು. ಪ್ಲಗ್ಗು ಹೊರಗೇ ಇತ್ತು, ತಂತಿ ಸುತ್ತಿಕೊಂಡು ನೆಲದ ಮೇಲೆ ಅಚ್ಚುಕಟ್ಟಾಗಿ ಮಲಗಿತ್ತು. ತಿರುಗಿ ಬರುವಷ್ಟರಲ್ಲಿ ಬಸ್ಸು ಹೋಗಿತ್ತು. ಮುಂದಿನ ಬಸ್ಸು ಹಿಡಿದು ತವರು ಮುಟ್ಟಿದಾಗ ಎಲ್ಲ ಮುಗಿದಿತ್ತು. ತಾಯಿ ಕಡೆಗಳಿಗೆಯವರೆಗೂ ಬಾಗಿಲ ಕಡೆಯೇ ನೋಡುತ್ತಿದ್ದಳಂತೆ. ಬಾಗಿಲಲ್ಲೇ ಕುಸಿದು ಕೂತು ಅಳುತ್ತಿದ್ದ ಹೆಂಡತಿಗೆ ಮೇಸ್ತ್ರಿ, ಬಂದ ಜನರೆಲ್ಲ ಕೇಳುವಂತೆ ಹೇಳಿದ:

"ಮುಂಚೆ ಬಂದಿದ್ರೆ ಏನ್ ಮಾಡ್ತಿದ್ದೆ? ಬದುಕಿಸ್ಬಿಡ್ತಿದ್ಯಾ?"

ಅವನಿಗೊಬ್ಬ ಅಕ್ಕ ಇದ್ದಳು, ದೂರದ ಊರಲ್ಲಿ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಇಡೀ ಪ್ರಪಂಚದಲ್ಲಿ ಅವನು ಎದುರುತ್ತರ ಕೊಡದೆ ಕೇಳುತ್ತಿದ್ದುದು ಅವಳೊಬ್ಬಳ ಮಾತನ್ನೇ. ಸುದ್ದಿ ತಿಳಿದು ಬಂದವಳು ತಮ್ಮನ ಹೆಂಡತಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸಂಜೆಯವರೆಗೂ ಕೂತಿದ್ದಳು. ಹೊರಡುವಾಗ ತಮ್ಮನಿಗೆ ಹೇಳಿದಳು, "ಇದನ್ನ ನೀನು ಮರೀತೀಯ. ಅವಳು ಮರೆಯಲ್ಲ ಕಣೋ." ಮೇಸ್ತ್ರಿ ಬಸ್ಸು ಹೊರಡುತ್ತದೆಂದು ಅಕ್ಕನ ಚೀಲ ಎತ್ತಿಕೊಂಡು ಹೊರಟ. ಮೆಟ್ಟಿಲಿಳಿಯುವ ಮುಂಚೆ ಟಿವಿಯ ಪ್ಲಗ್ಗು ನೋಡಿ ಬರಲು ಮಾತ್ರ ಮರೆಯಲಿಲ್ಲ.

ಆಮೇಲೆ ಅದೊಂದು ಬಾಯಿಪಾಠದ ಹಾಗೆ ಆಯಿತು. ಎಲ್ಲಿಗೇ ಹೊರಡಲಿ, ಅವನು ಕೆಳಗೆ ಗೇಟಿನ ಹತ್ತಿರ ನಿಂತು ಕೂಗುವುದು, ಪ್ಲಗ್ ತೆಗೆದ್ಯಾ? ಆಕೆ ಮೇಲಿನಿಂದ ಹೇಳುವುದು, ತೆಗೆದೆ. ಇಷ್ಟಾದ ಮೇಲೆ ಬೀಗದ ಸದ್ದು. ಓಣಿಯ ಮಕ್ಕಳು ಈ ಪ್ರಶ್ನೋತ್ತರವನ್ನು ಆಟದಲ್ಲಿ ಸೇರಿಸಿಕೊಂಡಿದ್ದರು. ವರ್ಷಗಳು ಉರುಳಿದ ಹಾಗೆ ಕೇಳುವವನಿಗೆ ಏನು ಕೇಳುತ್ತಿದ್ದೇನೆಂಬುದಾಗಲಿ, ಹೇಳುವವಳಿಗೆ ಏನು ಹೇಳುತ್ತಿದ್ದೇನೆಂಬುದಾಗಲಿ ತಲೆಗೆ ಹೋಗದಂತಾಯಿತು. ಕೈ ತಾನಾಗಿ ಗೋಡೆಗೆ ಹೋಗಿ, ತಾನಾಗಿ ಎಳೆದು, ತಾನಾಗಿ ತಂತಿ ಸುತ್ತಿ ಇಡುತ್ತಿತ್ತು.

ಕೆಲಸದಿಂದ ಬಿಡುಗಡೆಯಾಗುವ ಹೊತ್ತಿಗೆ ಮೇಸ್ತ್ರಿಗೆ ಮಹಡಿ ಹತ್ತುವುದೇ ದೊಡ್ಡ ಕೆಲಸವಾಯಿತು. ಆಮೇಲೆ ಸ್ನಾನವೂ, ಆಮೇಲೆ ಮಾತೂ. ಎದೆಯ ಚಿತ್ರ ನೋಡಿದ ವೈದ್ಯರು, ಇನ್ನು ಮೆಷಿನ್ ಇಲ್ಲದೆ ಆಗುವುದಿಲ್ಲ ಎಂದರು. ಅಕ್ಕನ ಮಗ ತನ್ನ ಊರಿನಿಂದಲೇ ಹಣ ಕಟ್ಟಿ ಅದನ್ನು ತರಿಸಿ ಕೊಟ್ಟ. ಹೆಗಲಿಗೆ ಹಾಕಿಕೊಳ್ಳುವ ಚೀಲದಷ್ಟು ಪೆಟ್ಟಿಗೆ, ಕಾನ್ಸಂಟ್ರೇಟರ್ ಎನ್ನುತ್ತಾರೆ. ಸಿಲಿಂಡರಿನ ಹಾಗೆ ಒಳಗೆ ಏನೂ ತುಂಬಿರುವುದಿಲ್ಲ. ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಸೋಸಿ, ಆಮ್ಲಜನಕವನ್ನು ಮಾತ್ರ ಕೊಳವೆಯಲ್ಲಿ ಮೂಗಿಗೆ ಕಳಿಸುತ್ತದೆ. ಗೋಡೆಯ ಕರೆಂಟಿಗೂ ನಡೆಯುತ್ತದೆ, ಬ್ಯಾಟರಿಗೂ ನಡೆಯುತ್ತದೆ. ಕಿಟಕಿಗೆ ಮೊಳೆ ಹೊಡೆಸಿದವನು ಈಗ ಟುಸ್ ಟುಸ್ ಎಂದು ಅಳೆದು ಕೊಡುವ ಗಾಳಿಗೆ ಮೂಗೊಡ್ಡಿ ಕೂತ. ಗಿರಣಿಯವರು ನೋಡಿದ್ದರೆ ಹಾಲು ಕುಡಿದಷ್ಟು ಸಂತೋಷಪಡುತ್ತಿದ್ದರು. ಅವರಲ್ಲಿ ಎಷ್ಟೋ ಜನ ಮೆಷಿನ್ ಸಿಗದೆಯೇ ಹೋಗಿದ್ದರು.

ಉಸಿರು ಹೋದರೂ ದರ್ಪ ಹೋಗಲಿಲ್ಲ. ಒಬ್ಬನ ಮೆಷಿನ್ನನ್ನು ಇನ್ನೊಬ್ಬ ಮುಟ್ಟಬಾರದೆಂಬುದು ಗಿರಣಿಯ ಇನ್ನೊಂದು ಕಟ್ಟಳೆ. ಹೆಂಡತಿ ಅದರ ಧೂಳು ಒರೆಸುವಂತಿರಲಿಲ್ಲ, ಬ್ಯಾಟರಿ ಎತ್ತಿಡುವಂತಿರಲಿಲ್ಲ. ಒಮ್ಮೆ ಯಾವ ಗುಂಡಿ ಏನು ಮಾಡುತ್ತದೆಂದು ಕೇಳಿದ್ದಕ್ಕೆ, ನಿನಗೆ ಅರ್ಥವಾಗುವ ಹಾಗಿದ್ದರೆ ಹೇಳುತ್ತಿದ್ದೆ ಎಂದು ಬಾಯಿ ಮುಚ್ಚಿಸಿದ. ಆಕೆ ಮತ್ತೆ ಕೇಳಲು ಹೋಗಲಿಲ್ಲ.

ಹೀಗಿರುವಾಗ ಅಕ್ಕನ ಮಗ ಫೋನ್ ಮಾಡಿದ. ಅಮ್ಮನಿಗೆ ಬಹಳ ಆಗಿದೆ, ಕಣ್ಣು ಬಿಟ್ಟಾಗಲೆಲ್ಲ ತಮ್ಮ ಬಂದನೇ ಎಂದು ಕೇಳುತ್ತಾಳೆ, ರೈಲಿನಲ್ಲಿ ಬರುವಷ್ಟು ಹೊತ್ತಿಲ್ಲ, ವಿಮಾನಕ್ಕೆ ಟಿಕೆಟ್ ಮಾಡಿದ್ದೇನೆ ಎಂದ. ಮೇಸ್ತ್ರಿ ಅಂದು ಮೊದಲ ಸಲ ಹೆಂಡತಿಯ ಮುಂದೆ ಅತ್ತ. ಅಳುವುದಕ್ಕೂ ಉಸಿರು ಸಾಲದೆ, ಅರ್ಧ ಅತ್ತು ಅರ್ಧ ಕೆಮ್ಮಿದ. ಆಕೆಯ ಕರುಳು ಚುರುಕ್ಕೆಂದಿತು, ಆದರೆ ಅದು ಅವನಿಗಾಗಿ ಅಲ್ಲ. ಅತ್ತಿಗೆಯ ತೊಡೆಯ ಬಿಸಿ ಆಕೆಯ ಕೆನ್ನೆಗೆ ಇನ್ನೂ ನೆನಪಿತ್ತು. ಹೇಗಾದರೂ ಹೋಗಿ ಆ ಮುಖವನ್ನು ಒಂದು ಸಲ ನೋಡಬೇಕು. ಅದೊಂದು ವಿಷಯದಲ್ಲಿ ಗಂಡಹೆಂಡಿರ ಆಸೆ ಎಂದೂ ಇಲ್ಲದಂತೆ ಒಂದೇ ಆಗಿತ್ತು.

ವಿಮಾನದ ಕಟ್ಟಳೆಗಳನ್ನು ಅಕ್ಕನ ಮಗ ಬಿಡಿಸಿ ಹೇಳಿದ್ದ. ವಿಮಾನದಲ್ಲಿ ಪ್ಲಗ್ಗು ನಂಬಿಕೊಳ್ಳುವಂತಿಲ್ಲ; ಪ್ರಯಾಣದ ಹೊತ್ತಿಗೆ ಒಂದೂವರೆ ಪಟ್ಟು ನಡೆಯುವಷ್ಟು ಬ್ಯಾಟರಿ ಕೈಯಲ್ಲಿರಬೇಕು, ಪೂರ್ತಿ ತುಂಬಿರಬೇಕು, ವೈದ್ಯರ ಪತ್ರ ಬೇಕು, ಇಲ್ಲದಿದ್ದರೆ ಹತ್ತಿಸುವುದಿಲ್ಲ. ಮೇಸ್ತ್ರಿಗೆ ಕಟ್ಟಳೆ ಎಂದರೆ ಪ್ರಾಣ. ಸರಿಯಾದ ಜನ ಇದಾರೆ ಎಂದು ವಿಮಾನದವರನ್ನು ಮೆಚ್ಚಿಕೊಂಡ. ಗಿರಣಿಯ ಕಾಲದಲ್ಲಿ ತಾನೇ ಜೋಡಿಸಿದ್ದ ಎಕ್ಸ್‌ಟೆನ್ಷನ್ ಬಾಕ್ಸನ್ನು ಹೊರತೆಗೆದು, ಬಿಡಿ ಬ್ಯಾಟರಿಗಳನ್ನೆಲ್ಲ ಅದಕ್ಕೆ ಸಿಕ್ಕಿಸಿ, ಬಾಕ್ಸಿನ ಒಂದೇ ಪ್ಲಗ್ಗನ್ನು ಹೊರಡುವ ದಿನ ಬೆಳಿಗ್ಗೆ ಗೋಡೆಗೆ ಹಾಕಿದ. ಸಂಜೆಯ ವಿಮಾನ, ಅಷ್ಟರಲ್ಲಿ ತುಂಬುತ್ತದೆಂದು ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು.

ಬ್ಯಾಟರಿಗಳನ್ನು ಚಾರ್ಜಿಗೆ ಹಾಕಿದ ಸ್ವಲ್ಪ ಹೊತ್ತಿಗೆಲ್ಲ ವೈದ್ಯರ ಪತ್ರಕ್ಕೆಂದು ಆಸ್ಪತ್ರೆಗೆ ಹೊರಟರು. ಮೇಸ್ತ್ರಿ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು, ಒಂದೊಂದೇ ಮೆಟ್ಟಿಲಿಳಿದು, ಗೇಟು ಹಿಡಿದು ನಿಂತು ಸುಧಾರಿಸಿಕೊಂಡು, ಮೇಲೆ ನೋಡಿ ಕೂಗಿದ.

"ಪ್ಲಗ್ ತೆಗೆದ್ಯಾ?"

"ತೆಗೆದೆ," ಎಂದಳು ಆಕೆ. ಆಮೇಲೆ ಬೀಗದ ಸದ್ದಾಯಿತು. ಇಬ್ಬರೂ ಆಟೋ ಹತ್ತಿ ಹೋದರು.

ವೈದ್ಯರು ತಡವಾಗಿ ಬಂದರು. ಪತ್ರ ಕೈಗೆ ಸಿಕ್ಕಾಗ ಮಧ್ಯಾಹ್ನ ಜಾರಿತ್ತು, ಪೆಟ್ಟಿಗೆಯ ಒಳಗಿನ ಬ್ಯಾಟರಿಯೂ ಬಹುಪಾಲು ಇಳಿದಿತ್ತು. ಪರವಾಗಿಲ್ಲ, ಮನೆಯಲ್ಲಿ ಬಿಡಿ ಬ್ಯಾಟರಿಗಳು ತುಂಬಿವೆ ಎಂದ ಮೇಸ್ತ್ರಿ. ಟ್ಯಾಕ್ಸಿಯನ್ನು ಮನೆ ಮುಂದೆ ನಿಲ್ಲಿಸಿಕೊಂಡು, ಇನ್ನೊಂದು ಸಲ ಮಹಡಿ ಹತ್ತಿಳಿಯಲು ಆಗದೆ, ಸಾಮಾನು ತರಲು ಹೆಂಡತಿಯನ್ನೇ ಕಳಿಸಿದ. ಬ್ಯಾಟರಿಗಳನ್ನು ಮುಟ್ಟಲು ಆಕೆಗೆ ಅಪ್ಪಣೆ ಸಿಕ್ಕಿದ್ದು ಅದೇ ಮೊದಲು. ಕೋಣೆಗೆ ಹೋದಾಗ ಬಾಕ್ಸಿನ ತಂತಿ ಸುತ್ತಿಕೊಂಡು ನೆಲದ ಮೇಲೆ ಅಚ್ಚುಕಟ್ಟಾಗಿ ಮಲಗಿತ್ತು. ಬೇರೆ ಮನೆಯ ಹೆಂಗಸಾಗಿದ್ದರೆ ಎದೆ ಧಸಕ್ಕೆನ್ನುತ್ತಿತ್ತು. ಈ ಮನೆಯಲ್ಲಿ ಗೋಡೆಯಿಂದ ಹೊರಗಿರುವ ಪ್ಲಗ್ಗು ಎಂದರೆ ಎಲ್ಲ ಸರಿಯಾಗಿದೆ ಎಂದು ಅರ್ಥ. ಆಕೆ ಎಲ್ಲವನ್ನೂ ಚೀಲಕ್ಕೆ ತುಂಬಿ, ಬೇಗ ಬೇಗ ಇಳಿದು ಬಂದಳು.

ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೂತಿದ್ದ ಹುಡುಗಿ ಒಳ್ಳೆಯವಳು. ಗಾಲಿಕುರ್ಚಿ ತರಿಸಿದಳು, ಪತ್ರ ನೋಡಿದಳು, ಬ್ಯಾಟರಿಗಳನ್ನು ಒಂದೊಂದಾಗಿ ಎತ್ತಿ ಪಕ್ಕದ ಗುಂಡಿ ಒತ್ತಿದಳು. ಸಾಲಾಗಿ ಹಸಿರು ದೀಪ ಹತ್ತಬೇಕು. ಒಂದರಲ್ಲಿ ಒಂದೇ ದೀಪ ಹತ್ತಿತು. ಇನ್ನೊಂದರಲ್ಲಿ ಅದೂ ಮಿಣುಕಿ ಆರಿತು. ಇದರಲ್ಲಿ ಚಾರ್ಜೇ ಇಲ್ಲವಲ್ಲ ಸರ್ ಎಂದಳು. ಸಾಧ್ಯವೇ ಇಲ್ಲ, ನಾನೇ ಹಾಕಿದ್ದೇನೆ ಎಂದು ಮೇಸ್ತ್ರಿ ವಾದಿಸಿದ. ಅವಳು ಮತ್ತೆ ಒತ್ತಿ ತೋರಿಸಿದಳು. ಆಗ ಅವನು ತಲೆ ತಿರುಗಿಸಿ ಹೆಂಡತಿಯನ್ನು ನೋಡಿದ.

ಮುಂದಿನದನ್ನು ಹಿಂದೆ ಸಾಲಿನಲ್ಲಿ ನಿಂತಿದ್ದವರೆಲ್ಲ ಕೇಳಿದರು. ಒಂದು ಪ್ಲಗ್ಗು ಕಾಯುವ ಯೋಗ್ಯತೆ ಇಲ್ಲ, ಹೊಟ್ಟೆಗೆ ತಿನ್ನುವುದು ಏನು, ಜೀವಮಾನದಲ್ಲಿ ಒಂದು ಕೆಲಸ ನೆಟ್ಟಗೆ ಮಾಡಲಿಲ್ಲ, ಮಗು ಹೆರಲಿಲ್ಲ, ಮನೆ ಕಾಯಲಿಲ್ಲ. ಎರಡು ಮಾತಿಗೊಮ್ಮೆ ಕೊಳವೆಯಿಂದ ಉಸಿರೆಳೆದುಕೊಂಡು ಮತ್ತೆ ಶುರು ಮಾಡುತ್ತಿದ್ದ. ಪೆಟ್ಟಿಗೆ ತುಟಿ ಪಿಟಕ್ಕೆನ್ನದೆ ಅವನ ಬೈಗುಳಕ್ಕೂ ಗಾಳಿ ಒದಗಿಸುತ್ತಿತ್ತು. ಗೇಟಿನಿಂದ ಕೇಳಿದ್ದು ನೀವೇ ಅಲ್ಲವೇ ಎಂದು ಆಕೆ ಮೆಲ್ಲಗೆ ಹೇಳಿದಳು.

"ನಾನು ಕೇಳಿದ್ದು ಬೇರೆ ಪ್ಲಗ್ಗು. ಅಷ್ಟೂ ಗೊತ್ತಾಗಲ್ವಾ ನಿಂಗೆ?"

ಸಾಲಿನಲ್ಲಿ ಯಾರೋ ನಕ್ಕರು. ಆಕೆಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಕೌಂಟರಿನ ಹುಡುಗಿ ಒಳಗೆ ಹೋಗಿ ದೊಡ್ಡವರನ್ನು ಕೇಳಿ ಬಂದಳು. ಎದುರಿನ ಕಂಬದಲ್ಲಿ ಪ್ಲಗ್ ಪಾಯಿಂಟ್ ಇದೆ, ಅಲ್ಲೇ ಕಣ್ಣೆದುರು ಕೂತು ಚಾರ್ಜ್ ಮಾಡಿ, ಬಾಗಿಲು ಮುಚ್ಚುವ ಮೊದಲು ಸಾಕಷ್ಟು ದೀಪ ಹತ್ತಿದರೆ ಕಳಿಸುತ್ತೇವೆ, ಇಲ್ಲವಾದರೆ ನಾಳೆಯ ವಿಮಾನ ಎಂದಳು. ನಾಳೆಯವರೆಗೆ ಅಕ್ಕ ಇರುತ್ತಾಳೆಯೇ ಎಂದು ಕೇಳುವ ಧೈರ್ಯ ಮೇಸ್ತ್ರಿಗೂ ಇರಲಿಲ್ಲ.

ಕಂಬದಲ್ಲಿದ್ದುದು ಒಂದೇ ಪಾಯಿಂಟು, ಅದೂ ಸವೆದು ಸಡಿಲವಾಗಿತ್ತು. ಬಾಕ್ಸಿನ ಪ್ಲಗ್ಗು ಹಾಕಿದರೆ ನಿಲ್ಲದೆ ಜಾರುತ್ತಿತ್ತು. ಒಂದು ಮೂಲೆಗೆ ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ಮಾತ್ರ ಕರೆಂಟು. ಮೇಸ್ತ್ರಿ ಪೆಟ್ಟಿಗೆಯನ್ನೂ ಬ್ಯಾಟರಿಗಳನ್ನೂ ಬಾಕ್ಸಿಗೆ ಸಿಕ್ಕಿಸಿ ಗಾಲಿಕುರ್ಚಿಯಲ್ಲಿ ಕೂತ. ಒಳಗಿನ ಬ್ಯಾಟರಿ ತಳ ಮುಟ್ಟಿದ್ದರಿಂದ ಈಗ ಅವನ ಉಸಿರೂ ಆ ಪ್ಲಗ್ಗಿನಿಂದಲೇ ಬರುತ್ತಿತ್ತು. ಆಕೆ ನೆಲದ ಮೇಲೆ ಮಂಡಿಯೂರಿ ಕೂತು, ಪ್ಲಗ್ಗನ್ನು ಕಂಬಕ್ಕೆ ಒತ್ತಿ ಹಿಡಿದಳು. ಗಿರಣಿಯಲ್ಲಿ ತಪ್ಪು ಮಾಡಿದವರನ್ನು ಅವನು ಹೀಗೇ ನಿಲ್ಲಿಸುತ್ತಿದ್ದನೆಂದು ಆಕೆಗೆ ನೆನಪಾಯಿತು.

"ಅಲುಗಾಡ್ಬೇಡ," ಎಂದ ಮೇಸ್ತ್ರಿ.

ಆಕೆ ಅಲುಗಾಡಲಿಲ್ಲ. ಮಂಡಿ ಸಿಡಿಯತೊಡಗಿತು, ಹೆಬ್ಬೆರಳು ಮರಗಟ್ಟಿತು. ಚಕ್ರದ ಪೆಟ್ಟಿಗೆ ಎಳೆದುಕೊಂಡು ಹೋಗುವವರು ಈ ಮುದುಕಿ ಕಂಬಕ್ಕೆ ಯಾಕೆ ಅಂಟಿಕೊಂಡಿದ್ದಾಳೆಂದು ತಿರುಗಿ ನೋಡುತ್ತಿದ್ದರು. ಮೇಸ್ತ್ರಿ ಮಾತ್ರ ಗಳಿಗೆಗೊಮ್ಮೆ ಗುಂಡಿ ಒತ್ತಿ ದೀಪ ನೋಡುತ್ತಿದ್ದ, ನೋಡಿ ಬೈಯುತ್ತಿದ್ದ. ಆಕೆಗೆ ಬೈಗುಳ ಕೇಳಿಸುತ್ತಿರಲಿಲ್ಲ. ಇನ್ನೊಂದು ದೀಪ ಹತ್ತಲಿ, ಅತ್ತಿಗೆ ಇನ್ನಷ್ಟು ಹೊತ್ತು ತಡೆಯಲಿ ಎಂದು ಮನಸ್ಸಿನಲ್ಲೇ ಬೇಡುತ್ತಿದ್ದಳು. ಎರಡನೆಯ ದೀಪ ಹತ್ತಿತು. ಮೂರನೆಯದು ಮಿಣುಕತೊಡಗಿತು. ಕೌಂಟರಿನ ಹುಡುಗಿ ದೂರದಿಂದಲೇ ಇನ್ನು ಸ್ವಲ್ಪ ಎಂದು ಕೈಸನ್ನೆ ಮಾಡಿದಳು.

ಆಗ ಫೋನು ಬಂತು. ಅದು ಆಕೆಯ ಚೀಲದಲ್ಲಿತ್ತು. ಎಡಗೈಯಿಂದ ತಡಕಿ ತೆಗೆದು ಕಿವಿಗೆ ಇಟ್ಟುಕೊಂಡಳು. ಅಕ್ಕನ ಮಗ.

"ಅತ್ತೆ, ಅಮ್ಮ ಹೋದ್ಲು. ಮಾವನಿಗೆ ನೀವೇ ಹೇಳಿ."

ಆಕೆ ಫೋನನ್ನು ಮಡಿಲಲ್ಲಿ ಇಟ್ಟುಕೊಂಡಳು. ಕಣ್ಣಲ್ಲಿ ನೀರು ತುಂಬಿತು, ಒರೆಸಿಕೊಳ್ಳಲು ಹೋಗಲಿಲ್ಲ. ಯಾರು, ಏನಂತೆ ಎಂದು ಮೇಸ್ತ್ರಿ ಕೇಳಿದ. ಆಕೆ ಹೇಳಿದಳು. ಅವನು ಬ್ಯಾಟರಿಯ ಗುಂಡಿಯಿಂದ ಕೈ ತೆಗೆದ. ಕೊಳವೆ ಮೂಗಿನಲ್ಲಿ ಟುಸ್ ಟುಸ್ ಎನ್ನುತ್ತಲೇ ಇತ್ತು. ಮಾತು ಹೊರಟಾಗ ಅದು ಅಕ್ಕನ ಬಗ್ಗೆ ಆಗಿರಲಿಲ್ಲ.

"ನಿನ್ನಿಂದ. ನಿನ್ನಿಂದಲೇ ನಾನು ನಮ್ಮಕ್ಕನ ಮುಖ ನೋಡೋಕಾಗಲಿಲ್ಲ."

ಆಕೆ ತಲೆಯೆತ್ತಿ ಅವನನ್ನು ನೋಡಿದಳು. ಒಳಗೆ ಎಷ್ಟೋ ವರ್ಷದಿಂದ ಮಡಿಸಿಟ್ಟಿದ್ದ ಮಾತೊಂದು ಹುಡುಕದೆಯೇ ಕೈಗೆ ಸಿಕ್ಕಿತು. ದನಿ ಏರಲಿಲ್ಲ. ಹಾದು ಹೋಗುವವರು ನೋಡಿದ್ದರೆ ಗಂಡನನ್ನು ಸಂತೈಸುತ್ತಿದ್ದಾಳೆ ಎಂದುಕೊಳ್ಳುತ್ತಿದ್ದರು.

"ಮುಂಚೆ ಹೋಗಿದ್ರೆ ಏನ್ ಮಾಡ್ತಿದ್ರಿ?" ಎಂದಳು. "ಬದುಕಿಸ್ಬಿಡ್ತಿದ್ರಾ?"

ಮೇಸ್ತ್ರಿಗೆ ಮೊದಲು ಅದು ಯಾರ ಮಾತೆಂದು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ತಿಳಿದದ್ದು ಅವನ ಮುಖದ ಮೇಲೆ ನಿಧಾನವಾಗಿ ಹರಡುವುದನ್ನು ಆಕೆ ಕಣ್ಣು ಮಿಟುಕಿಸದೆ ನೋಡಿದಳು. ಆಕೆಗೆ ಹಿತವೆನಿಸಿತು. ಅತ್ತಿಗೆ ಸತ್ತ ಸುದ್ದಿ ಇನ್ನೂ ಕಿವಿಯಲ್ಲಿ ಬಿಸಿಯಾಗಿರುವಾಗ ಹಿತವೆನಿಸಿದ್ದಕ್ಕೆ ನಾಚಿಕೆಯೂ ಆಯಿತು. ಆದರೆ ನಾಚಿಕೆಗಿಂತ ಹಿತವೇ ಹೆಚ್ಚಿತ್ತು.

ಆಕೆ ಪ್ಲಗ್ಗಿನಿಂದ ಹೆಬ್ಬೆರಳು ತೆಗೆದಳು. ಪ್ಲಗ್ಗು ಸಡಿಲವಾಗಿ ಜಾರಿ ಅಂಗೈಗೆ ಬಿತ್ತು. ಪೆಟ್ಟಿಗೆ ಒಮ್ಮೆ ಕೀ ಎಂದಿತು, ಕೆಂಪು ದೀಪ ಹತ್ತಿಸಿತು, ಮತ್ತೆ ಮತ್ತೆ ಕೀ ಎನ್ನತೊಡಗಿತು. ಮೇಸ್ತ್ರಿ ಪೆಟ್ಟಿಗೆಯನ್ನು ನೋಡಿದ, ಕಂಬವನ್ನು ನೋಡಿದ, ಕಡೆಗೆ ಆಕೆಯ ಕೈಯನ್ನು ನೋಡಿದ. ಅವನ ಎದೆ ಏಳುವುದೂ ಬೀಳುವುದೂ ಜೋರಾಯಿತು. ಕಣ್ಣಲ್ಲಿ ಇದ್ದುದು ಸಿಟ್ಟಲ್ಲ. ಇಷ್ಟು ವರ್ಷದಲ್ಲಿ ಅವನು ಮೊದಲ ಸಲ ಉತ್ತರ ಬೇಕೆಂದು ಆ ಪ್ರಶ್ನೆಯನ್ನು ಕೇಳಿದ.

"ಪ್ಲಗ್... ತೆಗೆದ್ಯಾ?"

"ತೆಗೆದೆ," ಎಂದಳು.

ಹೆಬ್ಬೆರಳಿನ ಮೇಲೆ ಬಿಳಿಚಿಕೊಂಡಿದ್ದ ಗುಳಿಯನ್ನು ಇನ್ನೊಂದು ಕೈಯಿಂದ ತಿಕ್ಕಿಕೊಂಡಳು. ಬೈಯಲೆಂದು ತೆರೆದಿದ್ದ ಅವನ ಬಾಯಿ ಏನೂ ಆಡದೆ ಮುಚ್ಚುವವರೆಗೆ ಕಾದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು, ಸೀರೆಯ ನೆರಿಗೆ ಸರಿಮಾಡಿಕೊಂಡು, ಆಮೇಲೆ ಪ್ಲಗ್ಗನ್ನು ಮತ್ತೆ ಕಂಬದ ಪಾಯಿಂಟಿಗೆ ಹಾಕಿ ಒತ್ತಿ ಹಿಡಿದಳು. ಕೀ ಸದ್ದು ನಿಂತಿತು. ಮೇಸ್ತ್ರಿ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದು ಮುಂದಕ್ಕೆ ಬಾಗಿದ.

"ಅಲುಗಾಡ್ಬೇಡಿ," ಎಂದಳು ಆಕೆ.